ಮೂರು ಕಾಗದಗಳಲ್ಲಿ ಒಂದು ಮನೆ

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆ ಅದು. ಜಾರಿಗೆ ಬರುವ ಮೊದಲೇ ಒಂದು ಪ್ರಶ್ನೆ ಊರ ಕಟ್ಟೆಯಿಂದ ಟೀವಿ ಚರ್ಚೆಯವರೆಗೆ ಎಲ್ಲ ಕಡೆ ಓಡಾಡಿತು: ಈ ಹಣ ಅತ್ತೆಗೋ, ಸೊಸೆಗೋ? ರೇಷನ್ ಕಾರ್ಡಿನಲ್ಲಿ ಯಾರನ್ನು ಯಜಮಾನಿ ಎಂದು ಬರೆದಿದೆಯೋ ಅವರಿಗೆ ಎಂಬುದು ಸರ್ಕಾರದ ಉತ್ತರವಾಯಿತು. ಈ ಉತ್ತರದ ಹಿಂದೆ ಇನ್ನೂ ಹತ್ತು ವರ್ಷ ಹಳೆಯದಾದ ಕಾನೂನೊಂದಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಪಡಿತರ ಚೀಟಿಯ ಮಟ್ಟಿಗೆ 18 ವರ್ಷ ತುಂಬಿದ ಅತಿ ಹಿರಿಯ ಹೆಂಗಸೇ ಮನೆಯ ಮುಖ್ಯಸ್ಥೆ. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ. ಮನೆಗೆ ಯಾರು ಯಜಮಾನರು, ಒಂದು ಮನೆ ಎಂದರೆ ಯಾರೆಲ್ಲ ಸೇರುತ್ತಾರೆ, ಸೂರು ಒಂದೇ ಆಗಿದ್ದು ಒಲೆ ಎರಡಾದರೆ ಅದು ಒಂದು ಕುಟುಂಬವೋ ಎರಡೋ ಎಂಬ ಪ್ರಶ್ನೆಗಳು ಅಂದು ಲಕ್ಷಾಂತರ ಮನೆಗಳಲ್ಲಿ ಏಕಕಾಲಕ್ಕೆ ಎದ್ದವು. ಕುಟುಂಬವನ್ನು ಒಂದು ವಿಷಯವಾಗಿ ಓದಿದ ಪದವೀಧರರು ಇಂಥ ಪ್ರಶ್ನೆಗೆ ಸಮಾಧಾನವಾಗಿ, ಆಧಾರ ಸಹಿತ ಉತ್ತರ ಹೇಳುವಂತಿರಬೇಕು. ನಮ್ಮ ತರಗತಿಗಳಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ಪಾಠ ಮಾತ್ರ ಬೇರೆ: ಕುಟುಂಬದ ವ್ಯಾಖ್ಯೆ, ಅವಿಭಕ್ತ ಕುಟುಂಬದ ಲಕ್ಷಣಗಳು, ಅದರ ಗುಣದೋಷಗಳು, ಅದು ಒಡೆಯಲು ಕಾರಣಗಳು. ಹತ್ತು ಅಂಕದ ಪ್ರಶ್ನೆಗೆ ಇದು ಸಾಕಾಗುತ್ತದೆ. ಒಂದು ಮನೆಯನ್ನು ಅರಿಯಲು ಸಾಕಾಗುವುದಿಲ್ಲ.

ಈ ಮಾತು ಈಗ ಮುಖ್ಯವಾಗುವುದಕ್ಕೆ ಕಾರಣವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ಡಿಸೆಂಬರ್‌ನಲ್ಲಿ ಹೊರತಂದ ಪದವಿ ಚೌಕಟ್ಟಿನಲ್ಲಿ ವಿದ್ಯಾರ್ಥಿಯು ಒಂದು ಮೇಜರ್ ವಿಷಯದ ಜೊತೆಗೆ ಒಂದು ಮೈನರ್ ವಿಷಯವನ್ನೂ ಓದಬೇಕು. ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳಲ್ಲಿ 24 ಕ್ರೆಡಿಟ್ ಮೈನರ್‌ಗೆ, ನಾಲ್ಕು ವರ್ಷದ ಪದವಿಯಲ್ಲಾದರೆ 160ರಲ್ಲಿ 32. ಅಂದರೆ ಒಬ್ಬ ಬಿ.ಕಾಂ. ವಿದ್ಯಾರ್ಥಿಯೋ ಬಿ.ಎಸ್‌ಸಿ. ವಿದ್ಯಾರ್ಥಿನಿಯೋ ತಮ್ಮ ಓದಿನ ಐದನೆಯ ಒಂದು ಪಾಲನ್ನು ಮತ್ತೊಂದು ಶಾಸ್ತ್ರಕ್ಕೆ ಕೊಡಲು ಅವಕಾಶವಿದೆ. ಕುಟುಂಬ ಅಧ್ಯಯನದಂಥ ವಿಷಯಕ್ಕೆ ಇದಕ್ಕಿಂತ ತಕ್ಕ ಜಾಗ ಸಿಗಲಾರದು, ಏಕೆಂದರೆ ಅದು ಕೆಲವರೇ ಪರಿಣತರಾಗಬೇಕಾದ ವಿಷಯಕ್ಕಿಂತ ಹೆಚ್ಚಾಗಿ ಹಲವರು ತಿಳಿದಿರಬೇಕಾದ ವಿಷಯ. ಕರ್ನಾಟಕವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲಿಗೆ ಜಾರಿಗೆ ತಂದು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಮೇಜರ್, ಮೈನರ್ ಎಂಬ ಹೆಸರುಗಳು ರಾಜ್ಯದಿಂದ ರಾಜ್ಯಕ್ಕೆ, ನೀತಿಯಿಂದ ನೀತಿಗೆ ಬದಲಾಗುತ್ತವೆ. ಐಚ್ಛಿಕ ವಿಷಯವೆಂದು ಕರೆದರೂ ಉಪವಿಷಯವೆಂದು ಕರೆದರೂ ಒಳಗೆ ಏನಿರಬೇಕೆಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಪಠ್ಯಕ್ರಮ ಪರಿಷ್ಕರಣೆ ಎಂದಾಗ ಅಧ್ಯಯನ ಮಂಡಳಿಗಳು ಸಾಮಾನ್ಯವಾಗಿ ಹಳೆಯ ಅಧ್ಯಾಯಗಳ ಕೊನೆಗೆ ಒಂದೆರಡು ಹೊಸ ಅಧ್ಯಾಯ ಸೇರಿಸುತ್ತವೆ. ಈ ವಿಷಯಕ್ಕೆ ಅದು ಸಾಲದು. ಪಾಠ ಶುರುವಾಗುವ ಜಾಗವೇ ಬದಲಾಗಬೇಕು. ಮಾದರಿ ಕುಟುಂಬದಿಂದ ಹೊರಡುವ ಬದಲು, ಪ್ರತಿ ಮನೆಯಲ್ಲೂ ಇರುವ ಅಥವಾ ಪ್ರತಿ ಮನೆಯಿಂದಲೂ ಮಾಡಿಕೊಳ್ಳಬಹುದಾದ ಮೂರು ಕಾಗದಗಳಿಂದ ಹೊರಡಬೇಕು. ಅವು ರೇಷನ್ ಕಾರ್ಡು, ವಂಶವೃಕ್ಷ ಮತ್ತು ದಿನದ ಸಮಯಪಟ್ಟಿ.

ಇದು ಬರಿಗೈಯಲ್ಲಿ ಶುರುಮಾಡಬೇಕಾದ ಕೆಲಸವಲ್ಲ; ನಮ್ಮಲ್ಲಿ ಇದಕ್ಕೆ ಎರಡು ಒಳ್ಳೆಯ ಪರಂಪರೆಗಳಿವೆ. ಒಂದು ಗೃಹವಿಜ್ಞಾನದ್ದು. ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರಲ್ಲಿ ಆರಂಭವಾಯಿತು. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಹಂಸಾ ಮೆಹ್ತಾ ಅವರು ಕುಲಪತಿಯಾಗಿದ್ದ ಕಾಲದಲ್ಲಿ ಗೃಹವಿಜ್ಞಾನ ನಿಕಾಯ ರೂಪುಗೊಂಡಿತು; ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ಎಂಬ ಹೆಸರಿನ ವಿಭಾಗವೇ ಅಲ್ಲಿದೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಈಗ ಸಮುದಾಯ ವಿಜ್ಞಾನ ಕಾಲೇಜಾಗಿದೆ. ಎರಡನೆಯದು ಸಮಾಜಶಾಸ್ತ್ರದ ಪರಂಪರೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಮುಂಬಯಿಯಲ್ಲಿ ಎಂ.ಎ.ಗೆ ಬರೆದ ಪ್ರಬಂಧವೇ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳ ಬಗ್ಗೆ. 1942ರಲ್ಲಿ ಅದು ಪುಸ್ತಕವಾಯಿತು. ಇರಾವತಿ ಕರ್ವೆ 1953ರಲ್ಲಿ ಇಡೀ ದೇಶದ ಬಂಧುತ್ವ ವ್ಯವಸ್ಥೆಯನ್ನು ಭಾಷಾವಲಯಗಳ ಲೆಕ್ಕದಲ್ಲಿ ವಿಂಗಡಿಸಿ ತೋರಿಸಿದರು. ಮಗುವಿನ ಪೋಷಣೆ, ಆಹಾರ, ಮನೆಯ ಆದಾಯ ವೆಚ್ಚಗಳನ್ನು ಗೃಹವಿಜ್ಞಾನ ಕೈಯಾರೆ ಕಲಿಸಿತು. ಆದರೆ ಬಹುಮಟ್ಟಿಗೆ ಹುಡುಗಿಯರಿಗಷ್ಟೇ ಕಲಿಸಿತು. ಮನೆಯೊಳಗಿನ ಸಂಬಂಧಗಳ ರಚನೆಯನ್ನು ಸಮಾಜಶಾಸ್ತ್ರ ಅರ್ಥಮಾಡಿಸಿತು. ಆದರೆ ಪದವಿ ತರಗತಿಗೆ ಬರುವಷ್ಟರಲ್ಲಿ ಆ ಕ್ಷೇತ್ರಕಾರ್ಯದ ಬಿಸಿ ಆರಿ, ಬಾಯಿಪಾಠದ ಪಟ್ಟಿಗಳು ಉಳಿದವು. ಒಳ್ಳೆಯ ಮೈನರ್ ಈ ಎರಡನ್ನೂ ಒಂದೇ ಕೋಣೆಗೆ ತರಬಲ್ಲದು.

ಮೊದಲ ಕಾಗದ ರೇಷನ್ ಕಾರ್ಡು. ಅದು ಕುಟುಂಬವನ್ನು ಹೇಳುವುದಿಲ್ಲ, ಒಲೆಯನ್ನು ಹೇಳುತ್ತದೆ: ಒಂದೇ ಅಡುಗೆ ಉಣ್ಣುವವರು ಯಾರು ಎಂಬುದೇ ಅದರ ಲೆಕ್ಕ. ಬೆಂಗಳೂರಿನಲ್ಲಿ ದುಡಿದು ತಿಂಗಳು ತಿಂಗಳು ಹಣ ಕಳಿಸುವ ಮಗ ಅದರಲ್ಲಿ ಇರಬಹುದು, ಇಲ್ಲದಿರಬಹುದು. ಒಂದೇ ಅಂಗಳದಲ್ಲಿ ಎರಡು ಬಾಗಿಲು ಮಾಡಿಕೊಂಡು, ಹೊಲವನ್ನು ಒಟ್ಟಾಗಿ ಉಳುವ ಅಣ್ಣತಮ್ಮಂದಿರು ಎರಡು ಕಾರ್ಡುಗಳಲ್ಲಿರಬಹುದು. ಕಾರ್ಡು ನೋಡಿದವರಿಗೆ ಅವು ಎರಡು ಚಿಕ್ಕ ಕುಟುಂಬಗಳು. ಬಿತ್ತನೆ, ಸಾಲ, ಮದುವೆ, ಸಾವಿನ ಸಂದರ್ಭ ನೋಡಿದವರಿಗೆ ಒಂದೇ ದೊಡ್ಡ ಕುಟುಂಬ. ಈ ವ್ಯತ್ಯಾಸವನ್ನು ನಮ್ಮ ಸಮಾಜಶಾಸ್ತ್ರಜ್ಞರು ಅರ್ಧ ಶತಮಾನದ ಹಿಂದೆಯೇ ಬಿಡಿಸಿ ಹೇಳಿದ್ದಾರೆ. ಗುಜರಾತಿನ ಮಹುವಾ ಪಟ್ಟಣವನ್ನು ಅಭ್ಯಾಸ ಮಾಡಿದ ಐ.ಪಿ. ದೇಸಾಯಿ, ಕೂಡುಕುಟುಂಬವನ್ನು ಸೂರಿನಿಂದ ಅಳೆಯದೆ ಆಸ್ತಿ ಮತ್ತು ಪರಸ್ಪರ ಹೊಣೆಗಳಿಂದ ಅಳೆಯಬೇಕೆಂದು 1964ರಲ್ಲಿ ತೋರಿಸಿದರು. ಎ.ಎಂ. ಶಾ 1973ರ ತಮ್ಮ ಪುಸ್ತಕದಲ್ಲಿ ಗುಜರಾತಿನದೇ ಒಂದು ಹಳ್ಳಿಯ 1825ರ ಮನೆಗಣತಿಯ ದಾಖಲೆಯನ್ನು ಮುಂದಿಟ್ಟು, ಹಿಂದೆ ಎಲ್ಲರೂ ದೊಡ್ಡ ಮನೆಗಳಲ್ಲಿ ಇದ್ದರು, ಈಗ ಎಲ್ಲ ಒಡೆದುಹೋಗಿವೆ ಎಂಬ ಸಲೀಸು ನಂಬಿಕೆಯನ್ನು ಪ್ರಶ್ನಿಸಿದರು. ಚಿಕ್ಕ ಮನೆಗಳು ಆಗಲೂ ಇದ್ದವು. ಮದುವೆ, ಹೆರಿಗೆ, ಪಾಲು, ಸಾವು ಬಂದಂತೆ ಅದೇ ಮನೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಇಷ್ಟು ಗಟ್ಟಿಯಾದ ಅಧ್ಯಯನ ನಮ್ಮಲ್ಲೇ ನಡೆದಿರುವಾಗ, ಅವಿಭಕ್ತದಿಂದ ವಿಭಕ್ತಕ್ಕೆ ಎಂಬ ಒಂದೇ ದಾರಿಯ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳುತ್ತ ಕೂರುವುದು ಅವರಿಗೆ ಮಾಡುವ ಅನ್ಯಾಯ.

ಎರಡನೆಯ ಕಾಗದ ವಂಶವೃಕ್ಷ. ಮನೆಯ ಹಿರಿಯರು ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆ ಮಾಡಿಸಲು ಹೋದವರಿಗೆಲ್ಲ ನಾಡಕಚೇರಿಯ ಈ ಕಾಗದ ಗೊತ್ತು. ಇದರಲ್ಲಿ ಒಲೆ ಲೆಕ್ಕಕ್ಕಿಲ್ಲ, ರಕ್ತ ಮತ್ತು ಹಕ್ಕು ಲೆಕ್ಕಕ್ಕಿವೆ. ಮದುವೆಯಾಗಿ ಇಪ್ಪತ್ತು ವರ್ಷದ ಹಿಂದೆ ಬೇರೆ ಊರಿಗೆ ಹೋದ ಮಗಳ ಹೆಸರು ರೇಷನ್ ಕಾರ್ಡಿನಿಂದ ಎಂದೋ ತೆಗೆದುಹಾಕಲಾಗಿದೆ. ವಂಶವೃಕ್ಷದಲ್ಲಿ ಅವಳು ಇರಲೇಬೇಕು. ಈ ಒಂದು ಹೆಸರಿನ ಹಿಂದೆ ದೀರ್ಘ ಇತಿಹಾಸವಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಆಸ್ತಿ ಹಕ್ಕಿಗಾಗಿ ಕಾಯ್ದೆ ತಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು. 2005ರ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಕಾನೂನು ಇಷ್ಟು ದೂರ ಬಂದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಅರಿಸಿನ ಕುಂಕುಮದ ಹೆಸರಿನಲ್ಲಿ ಒಂದಿಷ್ಟು ಹಣ ಪಡೆದು ಹೊರಡುವ ಅಕ್ಕತಂಗಿಯರಿದ್ದಾರೆ. ತವರಿನ ಬಾಗಿಲು ಮುಚ್ಚದಿರಲೆಂಬ ಆಸೆ, ಅಣ್ಣತಮ್ಮಂದಿರ ಮೇಲಿನ ಮಮತೆ, ಗಂಡನ ಮನೆಯವರ ಒತ್ತಾಯ, ಊರಿನ ಬಾಯಿ, ಎಲ್ಲವೂ ಆ ಒಂದು ಸಹಿಯಲ್ಲಿ ಸೇರಿರುತ್ತವೆ. ಸೆಕ್ಷನ್ ಸಂಖ್ಯೆ ಗೊತ್ತಿದ್ದ ಮಾತ್ರಕ್ಕೆ ಆ ಸಹಿ ಅರ್ಥವಾಗುವುದಿಲ್ಲ. ತವರಿನ ಸೆಳೆತ ಗೊತ್ತಿದ್ದ ಮಾತ್ರಕ್ಕೂ ಅರ್ಥವಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು.

ವಂಶವೃಕ್ಷ ನಮ್ಮ ಭಾಷೆಯೊಳಗೂ ಇದೆ. ಕನ್ನಡದಲ್ಲಿ ಅತ್ತೆ ಎಂದರೆ ಅಪ್ಪನ ತಂಗಿಯೂ ಹೌದು, ಗಂಡನ ತಾಯಿಯೂ ಹೌದು. ಮಾವ ಎಂದರೆ ಅಮ್ಮನ ಅಣ್ಣನೂ ಹೌದು, ಹೆಂಡತಿಯ ತಂದೆಯೂ ಹೌದು. ಅಪ್ಪನ ಅಣ್ಣತಮ್ಮಂದಿರು ಮಾತ್ರ ದೊಡ್ಡಪ್ಪ, ಚಿಕ್ಕಪ್ಪ. ಅವರ ಮಕ್ಕಳು ನಮಗೆ ಒಡಹುಟ್ಟಿದವರ ಹಾಗೆ. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಎಂಬ ಇಡೀ ದಕ್ಷಿಣದ ಬಂಧುತ್ವ ಈ ನಾಲ್ಕೈದು ಪದಗಳಲ್ಲಿ ಅಡಗಿದೆ. ಇದನ್ನು ತೋರಿಸದೆ ಅಂಕಲ್, ಆಂಟಿ, ಕಸಿನ್ ಎಂಬ ಪದಗಳಲ್ಲಿ ಬಂಧುತ್ವ ಕಲಿಸಿದರೆ ವಿದ್ಯಾರ್ಥಿಗೆ ತನ್ನ ಮನೆಯೇ ಅಪರಿಚಿತವಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯನ್ನು ನಿಷೇಧಿಸಿ, ರೂಢಿ ಒಪ್ಪುವ ಕಡೆ ವಿನಾಯಿತಿ ಕೊಟ್ಟಿದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ವಾಡಿಕೆ ನಿಂತಿರುವುದು ಆ ವಿನಾಯಿತಿಯ ಮೇಲೆ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಂತೂ ಆಸ್ತಿ ಹೆಣ್ಣಿನ ಬಳ್ಳಿಯಲ್ಲಿ ಇಳಿಯುತ್ತಿತ್ತು. 1956ರ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಕುಟುಂಬ, ಕವರು ಎಂಬ ನಮ್ಮ ಪದಗಳೇ ಇಂಗ್ಲಿಷ್ ವಾಕ್ಯದ ನಡುವೆ ಹಾಗೇ ಕೂತಿವೆ. ಭಾರತೀಯ ಕುಟುಂಬ ಎಂಬ ಒಂದೇ ಅಚ್ಚು ಎಂದೂ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇದೇ ಪಾಠದಲ್ಲಿ ಹತ್ತಿರದ ರಕ್ತಸಂಬಂಧದ ಮದುವೆಯಿಂದ ಮಕ್ಕಳಿಗೆ ಕೆಲವು ಆನುವಂಶಿಕ ಕಾಯಿಲೆಗಳ ಅಪಾಯ ಹೆಚ್ಚುತ್ತದೆ ಎಂಬ ವೈದ್ಯಕೀಯ ಸತ್ಯವನ್ನೂ ಮುಚ್ಚಿಡದೆ ಹೇಳಬೇಕು. ವಾಡಿಕೆಯನ್ನು ಗೌರವದಿಂದ ಅರಿಯುವುದಕ್ಕೂ ಅದರ ಪರಿಣಾಮವನ್ನು ತೂಗುವುದಕ್ಕೂ ವಿರೋಧವಿಲ್ಲ.

ಮೂರನೆಯ ಕಾಗದ ಯಾವ ಕಚೇರಿಯಲ್ಲೂ ಸಿಗುವುದಿಲ್ಲ, ತಯಾರಿಸಿಕೊಳ್ಳಬೇಕು. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಜನರ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಅದರ ನಮೂನೆಯಲ್ಲಿ ದಿನ ಶುರುವಾಗುವುದು ನಸುಕಿನ ನಾಲ್ಕು ಗಂಟೆಗೆ, ಮುಗಿಯುವುದು ಮರುದಿನ ನಸುಕಿನ ನಾಲ್ಕಕ್ಕೆ. ಅರ್ಧರ್ಧ ಗಂಟೆಗೆ ಒಂದು ಸಾಲು, ಒಟ್ಟು 48 ಸಾಲು. ಪ್ರತಿ ಸಾಲಿನಲ್ಲೂ ಆ ವ್ಯಕ್ತಿ ಏನು ಮಾಡುತ್ತಿದ್ದರು ಎಂದು ಬರೆಯಬೇಕು. ಸಮೀಕ್ಷೆಯಲ್ಲಿ ಕಂಡದ್ದು ಇಷ್ಟು: ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಹಾಗೆ ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಸಮೀಕ್ಷೆ ಮಾಡಿದಾಗ ಈ ಅಂಕಿಗಳು 289 ಮತ್ತು 88 ಆದವು. ಐದು ವರ್ಷದಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತು, ಗಂಡಸರ ಪಾಲೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಅಂಕಿಗಳನ್ನು ಓದಿಸುವುದಕ್ಕಿಂತ ಆ 48 ಸಾಲುಗಳನ್ನು ವಿದ್ಯಾರ್ಥಿಯ ಕೈಯಿಂದಲೇ ತುಂಬಿಸುವುದು ಹೆಚ್ಚು ಕಲಿಸುತ್ತದೆ. ಬೆಳಗಿನ ಆರರಿಂದ ಆರೂವರೆಯ ಸಾಲಿನಲ್ಲಿ ಏನು ಬರೆಯುವುದು? ಒಲೆಯ ಮೇಲೆ ಹಾಲು ಕಾಯುತ್ತಿದೆ, ಮಗುವನ್ನು ಎಬ್ಬಿಸಬೇಕು, ಅತ್ತೆಗೆ ಮಾತ್ರೆ ಕೊಡಬೇಕು, ನಲ್ಲಿಯಲ್ಲಿ ನೀರು ನಿಲ್ಲುವುದರೊಳಗೆ ಕೊಡ ತುಂಬಬೇಕು. ಒಂದೇ ಸಾಲಿನಲ್ಲಿ ನಾಲ್ಕು ಕೆಲಸ. ಮುಖ್ಯ ಕೆಲಸ ಯಾವುದು ಎಂದು ತೀರ್ಮಾನಿಸಲು ಪೆನ್ನು ಎತ್ತಿದ ಗಳಿಗೆಯಲ್ಲೇ ಆ ವಿದ್ಯಾರ್ಥಿಗೆ ಅರ್ಥಶಾಸ್ತ್ರದ ಒಂದು ದೊಡ್ಡ ತೊಡಕು ಅರ್ಥವಾಗಿರುತ್ತದೆ: ಲೆಕ್ಕಕ್ಕೆ ಸಿಗದ ದುಡಿಮೆ ಎಂದರೇನು ಎಂಬುದು.

ಮೂರು ಕಾಗದಗಳನ್ನು ಒಟ್ಟಿಗೆ ಹರಡಿ ನೋಡಿದಾಗಲೇ ಈ ವಿಷಯದ ನಿಜವಾದ ಪ್ರಯೋಜನ ತಿಳಿಯುವುದು. ಮುದಿ ತಂದೆತಾಯಿಯ ಆರೈಕೆಯನ್ನೇ ನೋಡೋಣ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆ, ಮಕ್ಕಳು ಎಂಬ ಪದಕ್ಕೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂಬ ಅರ್ಥ ಕೊಟ್ಟಿತು. ಸೊಸೆಯ ಹೆಸರು ಅದರಲ್ಲಿರಲಿಲ್ಲ. ವಂಶವೃಕ್ಷದ ಹಕ್ಕಿನ ಸಾಲಿನಲ್ಲೂ ಅವಳಿಲ್ಲ. ಅತ್ತೆ ಇರುವತನಕ ರೇಷನ್ ಕಾರ್ಡಿನ ಯಜಮಾನಿಯೂ ಅವಳಲ್ಲ. ಆದರೆ ಅನೇಕ ಮನೆಗಳಲ್ಲಿ ಸಮಯಪಟ್ಟಿಯನ್ನು ತೆರೆದರೆ ಮಾತ್ರೆ, ಸ್ನಾನ, ಗಂಜಿ, ರಾತ್ರಿ ಎದ್ದು ನೋಡುವುದು, ಎಲ್ಲ ಸಾಲುಗಳಲ್ಲೂ ಇರುವವಳು ಅವಳೇ. ಒಂದು ಕಾಗದದಲ್ಲಿ ಹೊಣೆ, ಇನ್ನೊಂದರಲ್ಲಿ ಹಕ್ಕು, ಮತ್ತೊಂದರಲ್ಲಿ ದುಡಿಮೆ. ಮೂರೂ ಬೇರೆಬೇರೆಯವರ ಹೆಸರಿನಲ್ಲಿವೆ. ಮನೆಯ ಜಗಳಗಳಲ್ಲಿ ಎಷ್ಟೋ ಇಲ್ಲೇ ಹುಟ್ಟುತ್ತವೆ, ನಾವು ಮಾತ್ರ ಅವನ್ನು ಹೊಂದಾಣಿಕೆ ಇಲ್ಲದ ಸ್ವಭಾವ ಎಂದು ಕರೆದು ಸುಮ್ಮನಾಗುತ್ತೇವೆ. ಮುಂದಿನ ದಿನಗಳಲ್ಲಿ ಈ ಗಂಟು ಇನ್ನೂ ಬಿಗಿಯಾಗಲಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ದೇಶದ ಸರಾಸರಿ 2.0. ಒಬ್ಬನೇ ಮಗ ಒಬ್ಬಳೇ ಮಗಳನ್ನು ಮದುವೆಯಾದರೆ ಅವರ ಮಗುವಿಗೆ ಸೋದರಮಾವನೂ ಇಲ್ಲ, ಚಿಕ್ಕಮ್ಮನೂ ಇಲ್ಲ. ಆ ಇಬ್ಬರ ಹೆಗಲ ಮೇಲೆ ನಾಲ್ವರು ಹಿರಿಯರು. ಈ ಲೆಕ್ಕವನ್ನು ಇಪ್ಪತ್ತನೇ ವಯಸ್ಸಿನಲ್ಲಿ ಕಲಿತವರು ನಲವತ್ತನೇ ವಯಸ್ಸಿನಲ್ಲಿ ಕಂಗೆಡುವುದು ಕಡಿಮೆ.

ಹಾಗಾದರೆ 24 ಕ್ರೆಡಿಟ್‌ಗಳನ್ನು ಹಂಚುವುದು ಹೇಗೆ? ನಾಲ್ಕು ಕ್ರೆಡಿಟ್‌ಗಳ ಆರು ಪತ್ರಿಕೆಗಳು ಎಂದುಕೊಂಡರೆ ದಾರಿ ಸುಲಭ. ಮೊದಲನೆಯದು ಮನೆ ಮತ್ತು ಕುಟುಂಬ: ರೇಷನ್ ಕಾರ್ಡು, ಜನಗಣತಿ, ಸಮೀಕ್ಷೆಗಳು ಮನೆಯನ್ನು ಎಣಿಸುವ ಬಗೆ. ಎರಡನೆಯದು ದಕ್ಷಿಣದ ಬಂಧುತ್ವ ಮತ್ತು ಮದುವೆ. ಮೂರನೆಯದು ಕಾನೂನು: ಆಸ್ತಿ, ಜೀವನಾಂಶ, ಬಾಲ್ಯವಿವಾಹ, ಕೌಟುಂಬಿಕ ಹಿಂಸೆ, ಎಲ್ಲ ಧರ್ಮದವರ ವೈಯಕ್ತಿಕ ಕಾನೂನುಗಳೂ ಇದರಲ್ಲಿ ಬರಬೇಕು. ನಾಲ್ಕನೆಯದು ದುಡಿಮೆ, ಹಣ, ಆರೈಕೆ. ಐದನೆಯದು ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆ, ಮಾನಸಿಕ ಆರೋಗ್ಯವೂ ಸೇರಿದಂತೆ. ಆರನೆಯದು ಪೂರ್ತಿ ಕ್ಷೇತ್ರಕಾರ್ಯ. ಆಯೋಗದ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ ಪಾಠಕ್ಕೆ 15 ಗಂಟೆಯಾದರೆ ಒಂದು ಕ್ರೆಡಿಟ್ ಕ್ಷೇತ್ರಕಾರ್ಯಕ್ಕೆ 30 ಗಂಟೆ. ನಾಲ್ಕು ಕ್ರೆಡಿಟ್ ಎಂದರೆ 120 ಗಂಟೆ. ಅಂಗನವಾಡಿಯಲ್ಲಿ, ಹಿರಿಯರ ಹಗಲು ಆರೈಕೆ ಕೇಂದ್ರದಲ್ಲಿ, ಮಹಿಳಾ ಸಹಾಯ ಕೇಂದ್ರದಲ್ಲಿ ಕೂತು ನೋಡಲು, ಕೇಳಲು, ಬರೆಯಲು ಅದು ಒಳ್ಳೆಯ ಅವಧಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲಿಗೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅರ್ಧ ಶತಮಾನದಿಂದ ತಾಯಿ ಮಕ್ಕಳನ್ನು ಹತ್ತಿರದಿಂದ ಕಂಡ ಕಾರ್ಯಕರ್ತೆಯರ ಅನುಭವ ನಮ್ಮ ಊರೂರಿನಲ್ಲೂ ಇದೆ. ವಿಶ್ವವಿದ್ಯಾಲಯ ಅವರನ್ನು ಪಾಠ ಹೇಳಲು ಕರೆಯಬೇಕು.

ಇದಕ್ಕೆ ಆಕ್ಷೇಪಗಳು ಬರುತ್ತವೆ, ಅವುಗಳಲ್ಲಿ ಹುರುಳೂ ಇದೆ. ಮನೆಯಲ್ಲೇ ಕಲಿಯುವುದನ್ನು ಕಾಲೇಜಿನಲ್ಲಿ ಏಕೆ ಕಲಿಯಬೇಕು ಎಂಬುದು ಮೊದಲನೆಯದು. ಮನೆ ಪ್ರೀತಿಯನ್ನು, ನಡತೆಯನ್ನು, ಸಹನೆಯನ್ನು ಕಲಿಸುತ್ತದೆ. ಆ ಜಾಗವನ್ನು ಯಾವ ತರಗತಿಯೂ ತುಂಬಲಾರದು. ಆದರೆ ಮನೆ ಕಲಿಸುವುದು ಒಂದೇ ಮನೆಯನ್ನು. ನಾಳೆ ಶಿಕ್ಷಕರಾಗಿ, ದಾದಿಯರಾಗಿ, ಬ್ಯಾಂಕಿನಲ್ಲೋ ತಾಲ್ಲೂಕು ಕಚೇರಿಯಲ್ಲೋ ನೌಕರರಾಗಿ ಈ ವಿದ್ಯಾರ್ಥಿಗಳು ನೂರಾರು ಮನೆಗಳ ವಿಷಯದಲ್ಲಿ ತೀರ್ಮಾನ ತೆಗೆದುಕೊಳ್ಳುತ್ತಾರೆ. ಗಂಡನ ಮೊದಲ ಮದುವೆಯ ಇಬ್ಬರು ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡು, ತನ್ನದೇ ಮೊದಲ ಹೆರಿಗೆಗೆ ರಜೆ ಕೇಳಿದ ಒಬ್ಬ ನರ್ಸ್‌ಗೆ ಹೆರಿಗೆ ರಜೆ ನಿರಾಕರಿಸಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2022ರಲ್ಲಿ ನ್ಯಾಯಾಲಯ ಆಕೆಯ ಪರ ತೀರ್ಪು ಕೊಟ್ಟು, ಕುಟುಂಬಕ್ಕೆ ಹಲವು ರೂಪಗಳಿರಬಹುದು, ರೂಢಿಯ ಅಚ್ಚಿಗೆ ಹೊಂದದ ಕುಟುಂಬಕ್ಕೂ ಕಾನೂನಿನ ರಕ್ಷಣೆ ಸಲ್ಲಬೇಕು ಎಂದಿತು. ತನಗೆ ಗೊತ್ತಿದ್ದ ಒಂದೇ ಬಗೆಯ ಮನೆಯನ್ನು ಅಳತೆಗೋಲಾಗಿ ಹಿಡಿದ ಕಚೇರಿ ಎಂಥ ಸಂಕಟ ತರಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಹಕ್ಕಿನ ಪಾಠ ಹೇಳಿಕೊಟ್ಟರೆ ಮನೆಗಳು ಒಡೆಯುತ್ತವೆ ಎಂಬ ಆತಂಕ ಎರಡನೆಯದು, ಹೆಚ್ಚು ಆಳವಾದದ್ದು. ಇದನ್ನು ಹೇಳುವವರು ಕುಟುಂಬವನ್ನು ಪ್ರೀತಿಸುವವರು, ಆದ್ದರಿಂದ ಅವರಿಗೆ ಗೌರವದಿಂದಲೇ ಉತ್ತರಿಸಬೇಕು. ಒಬ್ಬರ ಅರಿವಿಲ್ಲದಿರುವಿಕೆಯ ಮೇಲೆ ನಿಂತ ಒಗ್ಗಟ್ಟು, ಆ ಅರಿವು ಬಂದ ದಿನ ಕುಸಿಯುತ್ತದೆ. ಅರಿವು ಇಂದು ಕಾಲೇಜಿನಿಂದ ಬಾರದಿದ್ದರೂ ಮೊಬೈಲಿನಿಂದ, ವಕೀಲರಿಂದ, ನೆರೆಯವರಿಂದ ಬಂದೇ ಬರುತ್ತದೆ, ಅದೂ ಅರೆಬರೆಯಾಗಿ, ಸಿಟ್ಟಿನ ಗಳಿಗೆಯಲ್ಲಿ. ಪಾಲು ಕೇಳುವ ಮುನ್ನ ಮಾತಾಡುವುದು ಹೇಗೆ, ರಾಜಿ ಮಾಡಿಸುವುದು ಹೇಗೆ, ಅಮ್ಮನ ಆರೈಕೆಯನ್ನು ನಾಲ್ವರು ಮಕ್ಕಳು ಹಂಚಿಕೊಳ್ಳುವುದು ಹೇಗೆ ಎಂಬುದೂ ಇದೇ ಮೈನರ್‌ನ ಪಾಠ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ರಾಜಿಗೆ ಮೊದಲ ಸ್ಥಾನ ಕೊಟ್ಟು ಆಪ್ತಸಮಾಲೋಚಕರಿಗೆ ಜಾಗ ಮಾಡಿಟ್ಟಿದೆ. ಅಂಥ ಕೆಲಸಕ್ಕೆ ಬೇಕಾದ ತಿಳಿವಳಿಕೆಯ ಬುನಾದಿ ಇಲ್ಲಿ ಬೀಳಬಹುದು. ಇದರಿಂದ ನೌಕರಿ ಸಿಗುತ್ತದೆಯೇ ಎಂದು ಕೇಳುವವರಿಗೂ ಪ್ರಾಮಾಣಿಕ ಉತ್ತರ ಇಷ್ಟೇ: ಮೈನರ್ ಒಂದರಿಂದಲೇ ನೌಕರಿ ಸಿಗದು. ವಾಣಿಜ್ಯ, ಶುಶ್ರೂಷೆ, ಶಿಕ್ಷಣ, ಕಾನೂನು ಓದುವವರ ಮೇಜರ್‌ಗೆ ಅದು ಬಲ ಕೊಡುತ್ತದೆ. ಅಮೆರಿಕದಲ್ಲಿ ಕುಟುಂಬ ಸಂಬಂಧಗಳ ರಾಷ್ಟ್ರೀಯ ಮಂಡಳಿ 1985ರಿಂದ ಕುಟುಂಬ ಜೀವನ ಶಿಕ್ಷಕರಿಗೆ ಪ್ರಮಾಣಪತ್ರ ಕೊಡುತ್ತಿದೆ. ನಮ್ಮಲ್ಲೂ ಅಂಥ ವೃತ್ತಿ ಬೆಳೆಯಬೇಕಾದರೆ ಮೊದಲು ಅದರ ಓದು ಗಟ್ಟಿಯಾಗಬೇಕು.

ಮೂರನೆಯ ಆಕ್ಷೇಪ ಖಾಸಗಿತನದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ್ದು. ಮನೆಯ ಕಾಗದಗಳನ್ನು ತರಗತಿಗೆ ತರುವುದೆಂದರೆ ಮನೆಯ ಗುಟ್ಟನ್ನೂ ತಂದಂತೆ. ತಂದೆ ಬಿಟ್ಟುಹೋದ ಮನೆಯ ಹುಡುಗಿ, ಹೊಡೆತ ಬಡಿತ ಕಂಡ ಹುಡುಗ, ಪಾಲಕರೇ ಇಲ್ಲದೆ ಹಾಸ್ಟೆಲ್‌ನಲ್ಲಿ ಬೆಳೆದವರು ಎಲ್ಲರೂ ಆ ಬೆಂಚುಗಳ ಮೇಲೆ ಇರುತ್ತಾರೆ. ಆದ್ದರಿಂದ ಮೊದಲ ನಿಯಮ ಹೀಗಿರಬೇಕು: ಯಾವ ವಿದ್ಯಾರ್ಥಿಯೂ ತನ್ನ ಮನೆಯ ಬಗ್ಗೆ ಬರೆಯಲೇಬೇಕೆಂದಿಲ್ಲ, ಬರೆಯದವರಿಗೆ ಅಂಕ ಕಡಿಮೆಯಾಗುವಂತಿಲ್ಲ. ಹೆಸರು ಊರು ಅಳಿಸಿದ ಮಾದರಿ ಕಾಗದಗಳನ್ನು ವಿಭಾಗವೇ ಸಿದ್ಧಪಡಿಸಿಡಬೇಕು. ಬೇರೆ ಮನೆಗೆ ಹೋಗುವವರು ಅನುಮತಿ ಕೇಳುವುದನ್ನು, ಬೇಡವೆಂದಾಗ ಎದ್ದು ಬರುವುದನ್ನು ಮೊದಲು ಕಲಿಯಬೇಕು. ಪಾಠದ ನಡುವೆ ಯಾರಾದರೂ ತನಗಾದ ನೋವನ್ನು ಹೇಳಿಕೊಂಡರೆ ಅಧ್ಯಾಪಕರು ಏನು ಮಾಡಬೇಕು ಎಂಬುದು ಮುಂಚೆಯೇ ಗೊತ್ತಿರಬೇಕು. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಆಪ್ತಸಮಾಲೋಚಕರಿಲ್ಲದ ಕಾಲೇಜು ಈ ಮೈನರ್ ತೆರೆಯುವ ಮೊದಲು ಅವರನ್ನು ನೇಮಿಸಿಕೊಳ್ಳಲಿ. ಈ ಎಚ್ಚರ ಇಲ್ಲದಿದ್ದರೆ ಹಳೆಯ ಗುಣದೋಷಗಳ ಪಾಠವೇ ಮೇಲು, ಅದು ಕನಿಷ್ಠ ಯಾರನ್ನೂ ನೋಯಿಸುವುದಿಲ್ಲ.

ಇಷ್ಟಾದ ಮೇಲೆ ಉಳಿಯುವುದು ಹುಡುಗರ ವಿಷಯ. ಈ ಮೈನರ್ ಹುಡುಗಿಯರ ಮೈನರ್ ಆಗಿಬಿಟ್ಟರೆ ಪರಿಷ್ಕರಣೆ ಅರ್ಧಕ್ಕೇ ನಿಲ್ಲುತ್ತದೆ. 88 ನಿಮಿಷ ಮತ್ತು 289 ನಿಮಿಷಗಳ ನಡುವಿನ ಅಂತರ ಹೆಂಗಸರು ಅದನ್ನು ಅರಿತ ಮಾತ್ರಕ್ಕೆ ಕಿರಿದಾಗದು. ಅವರಿಗೆ ಅದು ಮೊದಲೇ ಗೊತ್ತು. ವಾಣಿಜ್ಯ, ವಿಜ್ಞಾನ, ಕಂಪ್ಯೂಟರ್ ಓದುವ ಹುಡುಗರು ಆಯ್ದುಕೊಳ್ಳುವಂತೆ ವೇಳಾಪಟ್ಟಿ ಹೊಂದಿಸುವುದು, ಗೃಹವಿಜ್ಞಾನದ ಬೋಧಕರನ್ನೂ ಸಮಾಜಶಾಸ್ತ್ರದ ಬೋಧಕರನ್ನೂ ಒಂದೇ ಪತ್ರಿಕೆಗೆ ಜೊತೆಗೂಡಿಸುವುದು ಅಧ್ಯಯನ ಮಂಡಳಿಗಳ ಕೈಯಲ್ಲೇ ಇದೆ. ಪಠ್ಯಕ್ರಮದ ಕರಡು ಬರೆಯಲು ಕೂತ ಮಂಡಳಿಯ ಮೇಜಿನ ಮೇಲೆ ಆ ಮೂರು ಕಾಗದಗಳಿರಲಿ. ಕರಡಿಗೆ ಒಪ್ಪಿಗೆ ಕೊಡುವ ಮೊದಲು, ಪ್ರತಿಯೊಬ್ಬ ಸದಸ್ಯರೂ ಸದಸ್ಯೆಯೂ ನಿನ್ನೆಯ ತಮ್ಮ ದಿನವನ್ನು ನಸುಕಿನ ನಾಲ್ಕರಿಂದ ಆ 48 ಸಾಲುಗಳಲ್ಲಿ ಬರೆದು, ತಮ್ಮ ಬಟ್ಟಲಿಗೆ ಬಂದ ಕಾಫಿಯನ್ನು ಯಾರು ಯಾವ ಸಾಲಿನಲ್ಲಿ ಕಾಸಿದರು ಎಂದು ಗುರುತು ಹಾಕಲಿ. ವಿದ್ಯಾರ್ಥಿಗಳಿಗೆ ಯಾವ ಪಾಠವನ್ನು ಮೊದಲು ಹೇಳಬೇಕೆಂಬುದು ಆಗ ಅವರಿಗೇ ತಿಳಿಯುತ್ತದೆ.